ಸ್ಪೀಕರ್ ಅಂಗಡಿಯಲ್ಲಿ ಕಣ್ಣು ಕಟ್ಟಿಕೊಂಡು

ಇಸ್ತಾಂಬುಲಿನಲ್ಲಿ ಜಮಖಾನೆ ಮಾರುವವನಿಂದ, ಬ್ಯಾಂಕಾಕಿನಲ್ಲಿ ಹರಳು ಮಾರುವವನಿಂದ ಮೋಸಹೋಗದೆ ಕೈಬೀಸಿಕೊಂಡು ಬಂದವಳು ನಾನು. ಆದರೂ ನಮ್ಮ ದಾವಣಗೆರೆ ಮನೆಗೆ ಒಂದು ಜೊತೆ ಸ್ಪೀಕರ್, ಒಂದು ಆಂಪ್ಲಿಫೈಯರ್ ತರೋಣ ಎಂದು ಹೊರಟರೆ ದಿನಕ್ಕೊಂದು ಫಜೀತಿ ಆಗುತ್ತದೆ. ಅದೂ ಯಾರನ್ನೂ ನಂಬಬಾರದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋದ ಮೇಲೆ!

ಎಷ್ಟು ಎಚ್‌ಪಿ?

ಯಜಮಾನರು ಮೊದಲು ಕರೆದೊಯ್ದದ್ದು ಹರಿಹರಕ್ಕೆ. ಅಲ್ಲೊಬ್ಬ ಕಸುಬುದಾರ ಪ್ಲೈವುಡ್ಡಿನಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆ ಮಾಡಿ ಸ್ಪೀಕರ್ ಕೂಡಿಸುತ್ತಾನೆ.

"ಎಷ್ಟು ಎಚ್‌ಪಿದು ರೀ?" ಎಂದ.

"ಏನು ಎಚ್‌ಪಿ?" ಎಂದೆ.

"ಟ್ರ್ಯಾಕ್ಟರ್ ರೀ. ಮಲೆಬೆನ್ನೂರು ಕಡೆಯೋರೆಲ್ಲ ಟ್ರ್ಯಾಕ್ಟರಿಗೆ ಸ್ಪೀಕರ್ ಇಲ್ಲೇ ಮಾಡಿಸ್ತಾರ್ರಿ."

"ಟ್ರ್ಯಾಕ್ಟರಿಗಲ್ಲಪ್ಪ, ಮನೆಗೆ. ಎಸ್.ಎಸ್. ಬಡಾವಣೆ. ಹಾಲ್‌ನಾಗೆ ಇಡಾಕೆ."

ಅನುಮಾನ ಪಡಬೇಕಾದವಳು ನಾನು; ಪಟ್ಟವನು ಅವನು. ದನಿ ತಗ್ಗಿಸಿ ಕೇಳಿದ: "ಅಕ್ಕಪಕ್ಕದೋರ ಮ್ಯಾಲೆ ಏನಾರ ಕೇಸು ನಡೆದೈತೇನ್ರಿ?"

ಅಲ್ಲಾಡದ ಕಣ್ಣು

ದಾವಣಗೆರೆಯ ಅಂಗಡಿಯೊಂದರಲ್ಲಿ ಕಣ್ಣುಗಳಂತೆ ಮೂರು ಸ್ಪೀಕರ್ ಇರುವ ಚೆಂದದ ಪೆಟ್ಟಿಗೆ. ಹಾಡು ಹಚ್ಚಿಸಿ ಒಂದೊಂದರ ಮೇಲೂ ಅಂಗೈ ಇಟ್ಟೆ. ಕೆಳಗಿನದು ಅದುರಿತು. ಮೇಲಿನ ಎರಡು ಸತ್ತಂತಿದ್ದವು.

"ಇವೆರಡಕ್ಕೆ ಒಳಗೆ ವೈರ್ ಐತೇನ್ರಿ?"

"ಅವು ಶೋಕಿಗೆ, ಅಕ್ಕಾರೆ."

"ಮತ್ತೆ ಐದು ವರ್ಷ ಗ್ಯಾರಂಟಿ ಅಂತ ಬರೆದೀರಿ?"

"ವೈರೇ ಇಲ್ಲ ಅಂದಮೇಲೆ ಕೆಡೋದು ಹೆಂಗ್ರಿ?"

ಕಿವಿಯ ಪರೀಕ್ಷೆ

ಯಜಮಾನರ ಮನಸ್ಸು ಮಾತ್ರ ಹರಿಹರದ ಬೀರುವಿನಲ್ಲೇ ಇತ್ತು. "ನಿನ್ನ ಕಿವಿ ಅಷ್ಟು ಚುರುಕಿದ್ರೆ ಕಣ್ಣು ಕಟ್ಟಿಕೊಂಡು ಹೇಳು, ಯಾವ ದನಿ ಯಾವ ಸ್ಪೀಕರಿಂದು ಅಂತ. ತಪ್ಪಿದ್ರೆ ಹರಿಹರದ್ದೇ ನಮ್ಮ ಹಾಲಿಗೆ," ಎಂದರು. ಒಪ್ಪಿದೆ.

ಮೂರನೆಯ ಅಂಗಡಿ. ಮಾಲೀಕರಿಗೆ ನನ್ನ ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ಒಬ್ಬ ಹೆಣ್ಣುಮಗಳು ಬರೀ ದನಿಯಲ್ಲಿ ಹಾಡಿದ ವಚನ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಎದುರಿಗೆ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಜೊತೆ ಸ್ಪೀಕರ್. ವೇಲಿನಿಂದ ಕಣ್ಣು ಕಟ್ಟಿಕೊಂಡು ಕೂತೆ.

ಮೊದಲ ದನಿ ಹಂಡೆಯೊಳಗಿಂದ ಬಂದಂತಿತ್ತು. "ದೊಡ್ಡದು," ಎಂದೆ. ಸರಿ. ಎರಡನೆಯದು ತಿಳಿಯಾಗಿತ್ತು. "ಸಣ್ಣದು. ಇದೇ ನನಗೆ ಬೇಕಾಗಿರೋದು." ಸರಿ. ಯಜಮಾನರು ಕೆಮ್ಮಿದರು. ಇನ್ನೊಂದು ಹೇಳಿದರೆ ಗೆದ್ದೆ.

ಮೂರನೆಯ ದನಿ ಬಂತು. ಅದೇ ವಚನ, ಆದರೆ ಮೂಗಿನಲ್ಲಿ ಸಿಕ್ಕಿಕೊಂಡಂತೆ, ಮೇಲಕ್ಕೆ ಹೋದಾಗಲೆಲ್ಲ ಗೊರಗೊರ. ಸಿಕ್ಕಿಬಿದ್ದ ಕಳ್ಳ!

"ನಡುವಿನದು. ಹಳೇ ಮಾಲು ಇದು," ಎಂದೆ ಗಟ್ಟಿಯಾಗಿ. "ಒಳಗಿನ ಅದುರೋ ಕಾಗದ ಹರಿದೈತೆ. ಧೂಳು ಒರೆಸಿ ಯಾರಿಗೋ ದಾಟಿಸಾಕೆ ಇಟ್ಟೀರಿ. ನನ್ನ ಹತ್ರ ಇದು ನಡಿಯಲ್ಲ ರೀ!"

ವೇಲು ಬಿಚ್ಚಿದೆ. ಎದುರಿಗೆ ಮಗನಿಗೆ ಬುತ್ತಿ ತಂದಿದ್ದ ಮಾಲೀಕರ ತಾಯಿ, ಅರ್ಧ ವಚನಕ್ಕೆ ಹಾಡು ನಿಲ್ಲಿಸಿ ನಿಂತಿದ್ದರು.

"ನೀವು ಸುಮ್ನೆ ಬಾಯಿಗೆ ಬಂದದ್ದು ಹೇಳ್ತೀರೋ ಏನೋ ಅಂತ ನಂಗೂ ಡೌಟ್ ಇತ್ರಿ," ಎಂದರು ಮಾಲೀಕರು. "ಅದಕ್ಕೇ ನಮ್ಮವ್ವಂಗೆ ಹಾಡು ಅಂದೆ."

ಯಜಮಾನರು ಆಗಲೇ ಹರಿಹರಕ್ಕೆ ಫೋನ್ ಹಚ್ಚಿದ್ದರು. ಆ ತಾಯಿ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು, ಬಲು ಸಮಾಧಾನದಿಂದ ಹೇಳಿದರು:

"ಒಳಗೇನೂ ಹರಿದಿಲ್ಲವ್ವ. ನೆಗಡಿ ಆಗೈತಷ್ಟೆ."