ದುಭಾಷಿ ಲಕ್ಷ್ಮೀಕಾಂತ

ಲಕ್ಷ್ಮೀಕಾಂತನಿಗೆ ಸ್ಪ್ಯಾನಿಷ್ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಅಮೆರಿಕದ ಸಿಯಾಟಲ್ ಬಳಿಯ ಸ್ನೊಕ್ವಾಲ್ಮಿಯಲ್ಲಿ, ಅಶ್ವತ್ಥನಾರಾಯಣರ ಮನೆಯ ಹಿತ್ತಿಲಲ್ಲಿ. ಯುಗಾದಿಯ ಊಟಕ್ಕೆಂದು ಒಂದಷ್ಟು ಕನ್ನಡದವರು ಅಲ್ಲಿ ಸೇರಿದ್ದರು. ಪಕ್ಕದ ಮನೆಯಲ್ಲಿ ಬೇಲಿ ಕಟ್ಟುತ್ತಿದ್ದ ಮೆಕ್ಸಿಕನ್ ಕೆಲಸಗಾರನನ್ನು ಕಂಡ ಲಕ್ಷ್ಮೀಕಾಂತ ಸುಮ್ಮನಿರಲಾರದೆ "ಬ್ವೆನೋಸ್ ದಿಯಾಸ್, ಕೋಮೊ ಎಸ್ತಾ" ಎಂದ. ಫೋನಿನ ಆ್ಯಪ್‌ನಲ್ಲಿ, ಬಸ್ಸಿಗೆ ಕಾಯುವಾಗ ಕಲಿತ ಕುಶಲಪ್ರಶ್ನೆ ಅದು. ಆ ಮನುಷ್ಯ ಸಂತೋಷಪಟ್ಟು ಏನೇನೋ ಉದ್ದಕ್ಕೆ ಹೇಳಿ ನಕ್ಕ. ಒಂದಕ್ಷರವೂ ತಿಳಿಯದ ಲಕ್ಷ್ಮೀಕಾಂತ ಅವನಿಗಿಂತ ಜೋರಾಗಿ ನಕ್ಕ. ಊಟಕ್ಕೆ ಬಂದು ಅಡುಗೆಗೆ ಕೈಜೋಡಿಸಿದ್ದ ಪದ್ಮಾ ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದರು. ಒಬ್ಬಟ್ಟು ಬಡಿಸುವ ಹೊತ್ತಿಗೆ ಅವನು ಸ್ಪ್ಯಾನಿಷ್ ಪಂಡಿತನಾಗಿದ್ದ.

ಅಲ್ಲ ಎನ್ನಬಹುದಿತ್ತು. ಆದರೆ ಕ್ಯಾನ್ಯನ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಬಾಟಲಿಗಳ ಮೇಲಿನ ಚೀಟಿ ನೆಟ್ಟಗಿದೆಯೇ ಎಂದು ನೋಡುವ ಕೆಲಸದ ಅವನನ್ನು ಅಲ್ಲಿಯವರೆಗೆ ಯಾರೂ ಪಂಡಿತ ಎಂದಿರಲಿಲ್ಲ. ಒಂದೆರಡು ವಾರ ಅನುಭವಿಸಿ ಆಮೇಲೆ ಅಲ್ಲ ಎಂದರಾಯಿತು ಎಂದುಕೊಂಡ. ಪದ್ಮಾ ಅವನಿಗೆ ಅಷ್ಟು ಸಮಯ ಕೊಡಲಿಲ್ಲ. ಮರುವಾರವೇ ಅವರೊಂದು ಪ್ರವಾಸ ಗೊತ್ತುಮಾಡಿದರು. ಉತ್ತರದ ಸ್ಕ್ಯಾಜಿಟ್ ಕಣಿವೆಯಲ್ಲಿ ನೆಲೆನಿಂತ ಮೆಕ್ಸಿಕನ್ನರ ಕುಶಲಕಲೆ, ಅಲ್ಲಿನ ಪ್ರಕೃತಿ, ಅವರ ಮನೆಯೂಟ, ಎಲ್ಲ ಒಂದೇ ದಿನದಲ್ಲಿ. ಜೊತೆಗೆ ಮಾರಿಸೋಲ್ ಎಂಬ ಗೈಡ್.

ಶನಿವಾರ ಬೆಳಿಗ್ಗೆ ವ್ಯಾನ್ ಹೊರಟಿತು. ಹೆಂಡತಿ ರಜನಿ ಕಿಟಕಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ರೀ, ಈಗಲಾದ್ರೂ ಹೇಳ್ಬಿಡ್ತೀರಾ?"

"ಗೈಡ್ ಇದಾಳಲ್ಲ, ನನ್ನನ್ಯಾರು ಕೇಳ್ತಾರೆ ಬಿಡು" ಎಂದ ಲಕ್ಷ್ಮೀಕಾಂತ.

ಮೊದಲಿಗೆ ಅವನೆಂದದ್ದೇ ಸರಿಯಾಯಿತು. ಮರದಲ್ಲಿ ಕೆತ್ತಿದ ಪ್ರಾಣಿಗಳಿಗೆ ಬಣ್ಣ ಹಚ್ಚುವ ಕುಶಲಕರ್ಮಿಯೊಬ್ಬನ ಶೆಡ್ಡಿಗೆ ಹೋದರು. ರೆಕ್ಕೆಯಿದ್ದ ಮೊಲ, ಕೊಂಬಿದ್ದ ಮೀನು. ಅವನು ಹೇಳಿದ್ದನ್ನು ಮಾರಿಸೋಲ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಲಕ್ಷ್ಮೀಕಾಂತ ಅರ್ಧ ಕ್ಷಣ ಮೊದಲೇ ತಲೆಯಾಡಿಸುತ್ತಿದ್ದ.

"ಸರಿಯಾಗಿ ಹೇಳ್ತಿದಾಳಾ ಹುಡುಗಿ?" ಎಂದು ಪದ್ಮಾ ಕಿವಿಯಲ್ಲಿ ಕೇಳಿದರು.

"ಪರವಾಗಿಲ್ಲ. ಅಲ್ಲಲ್ಲಿ ಸ್ವಲ್ಪ ಬಿಟ್ಬಿಡ್ತಾಳೆ" ಎಂದ ಲಕ್ಷ್ಮೀಕಾಂತ. ರಜನಿ ಕೊಂಬಿದ್ದ ಮೀನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಆಮೇಲೆ ಪ್ರಕೃತಿ. ಸಮುದ್ರದ ನೀರು ಇಳಿದ ಕೆಸರುಬಯಲಿನ ಅಂಚಿನಲ್ಲಿ ಒಡ್ಡಿನ ಮೇಲೆ ನಡೆಯುತ್ತ ಕೊಕ್ಕರೆ ನೋಡುವುದು. ಕೊಕ್ಕರೆ ನಿಂತಲ್ಲೇ ನಿಂತಿತ್ತು. ಪದ್ಮಾ ಅವರ ಗಂಡ ಕೇಶವ ಅದರ ಫೋಟೋ ತೆಗೆಯಲು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗಿ, ಅಂಗಡಿಯ ಷಟರ್ ಎಳೆದಂತೆ ಸದ್ದುಮಾಡಿಕೊಂಡು ಒಡ್ಡಿನಿಂದ ಜಾರಿ ಕೆಳಗಿಳಿದರು. ಮೇಲೆತ್ತಿದಾಗ ಪಾದ ಊದಿ ಹಲಸಿನ ಮಿಡಿಯಂತಾಗಿತ್ತು.

ಮುಂದಿನ ಭೇಟಿ ನೇಯುವ ಅಜ್ಜಿಯೊಬ್ಬಳ ಮನೆಗೆ, ಅದು ಹತ್ತಿರದಲ್ಲೇ ಇತ್ತು. ಮಧ್ಯಾಹ್ನದ ಊಟವೂ ಅಲ್ಲೇ. ಮಾರಿಸೋಲ್ ಎಲ್ಲರನ್ನೂ ಆ ಮನೆಯ ಅಂಗಳದಲ್ಲಿ ಇಳಿಸಿದಳು. ಅವಳು ಆ ಅಜ್ಜಿಯನ್ನು ನೋಡುತ್ತಿದ್ದುದೂ ಅದೇ ಮೊದಲು. ಮಾತುಕತೆಯೆಲ್ಲ ಅಜ್ಜಿಯ ಮಗಳು ಕತಾಲಿನಾಳ ಜೊತೆ ಫೋನಿನಲ್ಲಿ ಆಗಿತ್ತು. ಕತಾಲಿನಾ ಕೆಲಸದಿಂದ ಬರುವುದು ಇನ್ನೂ ತಡ. "ನಾನು ಇವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಲೇಬೇಕು. ನಿಮ್ಮಲ್ಲಿ ಯಾರಿಗಾದರೂ ಸ್ಪ್ಯಾನಿಷ್ ಬರುತ್ತದೆಯೇ?" ಎಂದು ಮಾರಿಸೋಲ್ ಇಂಗ್ಲಿಷಿನಲ್ಲಿ ಕೇಳಿದಳು.

ಎಲ್ಲರ ಬೆರಳೂ ಒಂದೇ ಕಡೆ ತಿರುಗಿದವು. ನೋವಿನಲ್ಲಿದ್ದ ಕೇಶವರ ಬೆರಳೂ.

"ನೀವೂ ಹೋಗಲ್ವಾ ಅವರ ಜೊತೆ?" ಎಂದು ಲಕ್ಷ್ಮೀಕಾಂತ ಪದ್ಮಾರನ್ನು ಕೇಳಿದ. ಅವರು ಹೋದರೆ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾದಾವು ಎಂಬ ಆಸೆ.

"ನಾನೇನು ಡಾಕ್ಟರಾ? ಇವರಿಗೆ ಇದೆಲ್ಲ ಅಭ್ಯಾಸ" ಎಂದರು ಪದ್ಮಾ. ವ್ಯಾನ್ ಹೊರಟುಹೋಯಿತು.

ಅಜ್ಜಿಯ ಹೆಸರು ಎವುಲಾಲಿಯಾ. ಮೊಣಕಾಲಿನವರೆಗೆ ಇಳಿದ ದಪ್ಪನೆಯ ಕೆಂಪು ನೇಯ್ಗೆಯ ಅಂಗಿ ತೊಟ್ಟು, ಮಗ್ಗದ ಒಂದು ತುದಿಯನ್ನು ಸೇಬಿನ ಮರಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದಳು. ಎಲ್ಲರೂ ಸುತ್ತ ಕೂತರು. ಲಕ್ಷ್ಮೀಕಾಂತ ಗಂಟಲು ಸರಿಮಾಡಿಕೊಂಡು, ಆ್ಯಪ್ ಕಲಿಸಿದ್ದರಲ್ಲಿ ತಡವರಿಸದೆ ಬರುತ್ತಿದ್ದ ಒಂದೇ ವಾಕ್ಯವನ್ನು ಹೇಳಿದ. ನನ್ನ ಚಿಕ್ಕಪ್ಪನ ಕುದುರೆ ಹಾಲು ಕುಡಿಯುತ್ತದೆ ಎಂದು ಅದರ ಅರ್ಥ.

ಅಜ್ಜಿ ಅವನನ್ನು ಗಂಭೀರವಾಗಿ ನೋಡಿದಳು. "ಸೀ" ಎಂದಳು. ಹಾಗೆಂದರೆ ಹೌದು.

"ಕುಶಲ ವಿಚಾರಿಸ್ದೆ. ಚೆನ್ನಾಗಿದಾರಂತೆ" ಎಂದ ಲಕ್ಷ್ಮೀಕಾಂತ.

ಅಶ್ವತ್ಥನಾರಾಯಣರು ಮುಂದೆ ಬಾಗಿದರು. ವಿದ್ಯಾರ್ಥಿಯಾಗಿ ಸಿಯಾಟಲ್‌ಗೆ ಬಂದು ಆಮೇಲೆ ಬದುಕೆಲ್ಲ ವಿಮಾನದ ರೆಕ್ಕೆಗಳಲ್ಲಿ ಬಿರುಕು ಹುಡುಕಿ ನಿವೃತ್ತರಾದವರು. "ಕೇಳಪ್ಪ, ಈ ಕೆಂಪು ಎಲ್ಲಿಂದ ತರ್ತಾರೆ? ನಮ್ಮ ಇಳಕಲ್ ಸೀರೆ ಕೆಂಪಿನ ಹಾಗೇ ಇದೆ."

ಲಕ್ಷ್ಮೀಕಾಂತ ನೂಲನ್ನು ಮುಟ್ಟಿ ತೋರಿಸಿ, ಕೆಂಪು ಎಂಬರ್ಥದಲ್ಲಿ "ರೋಹೊ?" ಎಂದ. ಅಜ್ಜಿ ಸ್ವಲ್ಪ ಯೋಚಿಸಿ ಮೃದುವಾದ ದನಿಯಲ್ಲಿ, ರಾಗ ಎಳೆದಂತೆ ಏರಿಸಿ ಇಳಿಸಿ ಏನೋ ಹೇಳಿದಳು. ಆ್ಯಪ್‌ನಲ್ಲಿ ಕೇಳಿದ ಒಂದು ಮಾತೂ ಅದರಲ್ಲಿ ಸಿಗಲಿಲ್ಲ.

"ದಾಸವಾಳ. ಕೆಂಪು ದಾಸವಾಳನ ಹಾಲಲ್ಲಿ ಕುದಿಸ್ತಾರಂತೆ" ಎಂದ ಲಕ್ಷ್ಮೀಕಾಂತ. ಹಾಲು ಆ ಕುದುರೆಯ ವಾಕ್ಯದಿಂದ ಬಂದಿರಬೇಕು.

ಮೊದಲ ಸುಳ್ಳು ಸಲೀಸಾಗಿ ಹೊರಟಮೇಲೆ ಉಳಿದವು ಅದರ ಬೆನ್ನು ಹಿಡಿದು ಬಂದವು. ಬಟ್ಟೆಯ ಮೇಲಿನ ಚಿಟ್ಟೆಯ ಚಿತ್ರಕ್ಕೆ ಅವನೊಂದು ಕತೆಯನ್ನೇ ಹೊಸೆದ. ಮದುವೆಯಾಗಲೊಪ್ಪದ ಹುಡುಗಿಯೊಬ್ಬಳು ಚಿಟ್ಟೆಯಾಗಿ ಹಾರಿಹೋದಳಂತೆ. ಅವಳ ತಾಯಿ ಅವಳನ್ನು ಬಟ್ಟೆಯ ಮೇಲೆ ನೇಯ್ದು ಮನೆಗೆ ಕರೆತಂದಳಂತೆ. ಪದ್ಮಾ ಕಣ್ಣೊರೆಸಿಕೊಂಡರು. ರಜನಿಗೂ ಕತೆ ಹಿಡಿಸಿತು, ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಊಟದ ಹೊತ್ತಾಯಿತು. ಅಜ್ಜಿ ಮಗ್ಗ ಬಿಚ್ಚಿಟ್ಟು ಒಳಗಿನಿಂದ ದೊಡ್ಡ ಹಬೆಪಾತ್ರೆ ತಂದಳು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮುಸುಕಿನ ಜೋಳದ ಕಡುಬು, ಅವರ ಮಾತಿನಲ್ಲಿ ತಮಾಲೆ. ಪಕ್ಕದಲ್ಲಿ ಹುರಿದ ಮೆಣಸಿನಕಾಯಿಯ ಕರಿಗೊಜ್ಜು, ಬೇಯಿಸಿದ ಬೀನ್ಸ್ ಕಾಳು. ಬಾಳೆಲೆಯ ಹಬೆ ಮೂಗಿಗೆ ಬಡಿದದ್ದೇ ಎಲ್ಲರೂ ತಾವಾಗಿ ಸಾಲಾಗಿ ಕೂತರು.

ಅಶ್ವತ್ಥನಾರಾಯಣರು ಎಲೆ ಬಿಡಿಸುವ ಮೊದಲು ಕೈ ತಡೆದರು. ಅಮೆರಿಕದಲ್ಲಿ ಇಷ್ಟು ವರ್ಷ ಇದ್ದರೂ ಮೊಟ್ಟೆಯ ಭಯಕ್ಕೆ ಕೇಕು ಮುಟ್ಟದವರು ಅವರು. "ಇದಕ್ಕೆ ಹಂದಿ ಕೊಬ್ಬು ಹಾಕ್ತಾರೆ ಅಂತ ಕೇಳಿದೀನಿ. ಒಂದ್ಮಾತು ವಿಚಾರಿಸ್ಬಿಡು. ನೀನು ಇಲ್ಲ ಅಂದ್ರೆ ಕಣ್ಮುಚ್ಚಿ ತಿಂತೀನಿ."

ದಾಸವಾಳದಿಂದ ಯಾರಿಗೂ ಕೇಡಾಗುವುದಿಲ್ಲ. ಇದು ಹಾಗಲ್ಲ, ಹಿರಿಯರು ಜನ್ಮವಿಡೀ ಕಾಪಾಡಿಕೊಂಡ ನಿಯಮ ಲಕ್ಷ್ಮೀಕಾಂತನ ನಾಲಗೆಯ ತುದಿಯಲ್ಲಿತ್ತು. ಹಂದಿಗೆ ಏನೆನ್ನುತ್ತಾರೆಂಬುದು ಪುಣ್ಯಕ್ಕೆ ಗೊತ್ತಿತ್ತು. ಕಡುಬು ತೋರಿಸಿ "ಸೆರ್ದೊ?" ಎಂದ.

"ಸೀ" ಎಂದಳು ಅಜ್ಜಿ.

ಅನುಮಾನವಾಗಿ ಕೈಯಾಡಿಸುತ್ತ "ನೋ ಸೆರ್ದೊ?" ಎಂದ.

"ಸೀ" ಎಂದಳು ಅಜ್ಜಿ, ಅಷ್ಟೇ ವಿನಯದಿಂದ.

ಅವನು ಬೆವರಿದ. ತಿನ್ನಿಸಿ ಪಾಪ ಕಟ್ಟಿಕೊಳ್ಳುವುದಕ್ಕಿಂತ ಹಸಿವಿನಲ್ಲಿಡುವುದು ಮೇಲು ಎನಿಸಿತು. "ಎಲ್ಲದ್ರಲ್ಲೂ ಇದೆಯಂತೆ ಸರ್. ಕಾಳಲ್ಲೂ."

ಚಾಚಿದ ಕೈಗಳು ಹಿಂದೆ ಸರಿದವು. ಪದ್ಮಾ ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದರು. ಕಡುಬಿನ ಹಬೆಯ ಎದುರು ಕೂತು ಎಲ್ಲರೂ ಚಕ್ಕುಲಿ ಮುರಿಯತೊಡಗಿದರು. ಅಜ್ಜಿ ಮುಟ್ಟದ ಎಲೆಗಳನ್ನು ಒಂದೊಂದಾಗಿ ನೋಡಿದಳು. ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದಳು.

"ಪಾಪ, ಬೆಳಗ್ಗಿಂದ ಮಾಡಿರ್ತಾರೆ" ಎಂದಳು ರಜನಿ. ಲಕ್ಷ್ಮೀಕಾಂತ ಅರ್ಧ ತಿಂದ ಚಕ್ಕುಲಿಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟ.

ವ್ಯಾನ್ ಮರಳಿ ಬಂತು. ಕಾಲಿಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡ ಕೇಶವರ ಹಿಂದೆ ಮಾರಿಸೋಲ್ ಇಳಿದಳು, ದಾರಿಯಲ್ಲಿ ಹತ್ತಿಸಿಕೊಂಡಿದ್ದ ಕತಾಲಿನಾಳೂ ಇಳಿದಳು. ಆರಿದ ಊಟ ನೋಡಿ ಇಬ್ಬರೂ ನಿಂತರು.

"ಯಾಕೆ ತಿಂದಿಲ್ಲ? ನೀವು ಸಸ್ಯಾಹಾರಿಗಳೆಂದು ಅಜ್ಜಿ ಎಲ್ಲ ಮುಸುಕಿನ ಜೋಳದ ಎಣ್ಣೆಯಲ್ಲೇ ಮಾಡಿದ್ದಾರೆ" ಎಂದಳು ಮಾರಿಸೋಲ್.

ಈ ಸಲ ಬೆರಳು ತೋರಿಸುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ, ಸುಮ್ಮನೆ ನೋಡಿದರು. ಲಕ್ಷ್ಮೀಕಾಂತ ನೆಲ ನೋಡಿದ. ಕತಾಲಿನಾ ಒಳಗೆ ಹೋಗಿ ತಾಯಿಯೊಡನೆ ಮಾತಾಡಿ ಹೊರಬಂದಳು. ಅವಳ ಮುಖದಲ್ಲಿ ಸಂಕೋಚವಿತ್ತು.

"ತಪ್ಪು ನಮ್ಮದೇ" ಎಂದಳು ಇಂಗ್ಲಿಷಿನಲ್ಲಿ. "ನಮ್ಮಮ್ಮನಿಗೆ ಸ್ಪ್ಯಾನಿಷ್ ಬರುವುದಿಲ್ಲ. ಮೆಕ್ಸಿಕೋದಲ್ಲಿ ನಮ್ಮದು ಗುಡ್ಡದ ಊರು, ನಮ್ಮ ಮಾತು ತ್ರಿಕಿ. ಯಾರೋ ದೊಡ್ಡವರು ಬಂದು ಅಷ್ಟು ಚೆಂದದ ಸ್ಪ್ಯಾನಿಷಿನಲ್ಲಿ ಕೇಳುತ್ತಿದ್ದರು, ತಿಳಿಯುವುದಿಲ್ಲ ಎನ್ನಲು ನಾಚಿಕೆಯಾಯಿತು, ಎಲ್ಲಕ್ಕೂ ಹೌದೆಂದೆ ಅನ್ನುತ್ತಾಳೆ."

ಲಕ್ಷ್ಮೀಕಾಂತನಿಗೆ ಹೋದ ಜೀವ ಬಂದಂತಾಯಿತು. ತನ್ನ ಹಾಗೆ ಇನ್ನೊಬ್ಬರು ಆ ಮರದಡಿ ಬೆವರಿದ್ದರೆಂದು ತಿಳಿದು ಅಜ್ಜಿಯ ಮೇಲೆ ಅವನಿಗೆ ಅಕ್ಕರೆಯೇ ಹುಟ್ಟಿತು. ಎಲ್ಲರೂ ಕಡುಬಿಗೆ ಮುಗಿಬಿದ್ದರು. ಅಶ್ವತ್ಥನಾರಾಯಣರು ಮಾತ್ರ ಬಿಡಿಸಿದ ಎಲೆಯನ್ನು ಕೈಯಲ್ಲಿ ಹಿಡಿದು ರೆಕ್ಕೆಯಲ್ಲಿ ಬಿರುಕು ಕಂಡವರಂತೆ ಕೂತಿದ್ದರು.

"ಒಂದ್ನಿಮಿಷ" ಎಂದರು. "ಆಯಮ್ಮಂಗೆ ಸ್ಪ್ಯಾನಿಷ್ ಬರಲ್ಲ. ಆದ್ರೆ ಇವನು ಅಷ್ಟು ಹೊತ್ತು ಆಯಮ್ಮ ಹೇಳಿದ್ದನ್ನೆಲ್ಲ ನಮಗೆ ಕನ್ನಡದಲ್ಲಿ ಹೇಳಿದಾನೆ. ದಾಸವಾಳ, ಚಿಟ್ಟೆ, ಎಲ್ಲಾನೂ."

ರಜನಿ ಕಣ್ಣು ಮುಚ್ಚಿಕೊಂಡಳು. ಲಕ್ಷ್ಮೀಕಾಂತನೂ.

"ಅಂದ್ಮೇಲೆ ಇವನಿಗೆ ತ್ರಿಕಿ ಬರುತ್ತೆ" ಎಂದರು ಅಶ್ವತ್ಥನಾರಾಯಣರು.

"ಮತ್ತೆ ಹಂದಿ ಕೊಬ್ಬಿನ ವಿಷ್ಯ?" ಎಂದರು ಪದ್ಮಾ.

"ಅದೊಂದನ್ನ ಸ್ಪ್ಯಾನಿಷಲ್ಲಿ ಕೇಳಿಬಿಟ್ಟ. ಅಲ್ಲೇ ಎಡವಟ್ಟಾಗಿದ್ದು."

ಲಕ್ಷ್ಮೀಕಾಂತ ಎದ್ದುನಿಂತ. ಇನ್ನು ತಡೆಯುವುದು ಅವನಿಂದಾಗಲಿಲ್ಲ. "ಸರ್, ನಿಜ ಹೇಳ್ಬಿಡ್ತೀನಿ. ನನಗೆ ತ್ರಿಕಿನೂ ಬರಲ್ಲ, ಸ್ಪ್ಯಾನಿಷೂ ಬರಲ್ಲ."

"ನೋಡಿ, ಬರೋರು ಯಾವತ್ತೂ ಬರುತ್ತೆ ಅನ್ನಲ್ಲ" ಎಂದರು ಅಶ್ವತ್ಥನಾರಾಯಣರು. ಕೇಶವ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಪದ್ಮಾ ಕತಾಲಿನಾಳ ಬಳಿಗೆ ಹೋಗಿ ಲಕ್ಷ್ಮೀಕಾಂತನಿಗೆ ತ್ರಿಕಿ ಬರುತ್ತದೆಂಬ ವಿಷಯ ತಲುಪಿಸಿಯಾಗಿತ್ತು. ಅವಳು ಬೆರಗಾಗಿ ಅವನನ್ನೊಮ್ಮೆ ನೋಡಿ, ಬಾಗಿಲತ್ತ ತಿರುಗಿ ತಾಯಿಗೆ ಕೂಗಿ ಹೇಳಿದಳು.

ಅಜ್ಜಿ ಹೊರಬಂದಳು. ಸೋತ ಮುಖ ಈಗ ಅರಳಿತ್ತು. ನೇರವಾಗಿ ಲಕ್ಷ್ಮೀಕಾಂತನ ಎದುರು ಬಂದು, ಅವನ ಎರಡೂ ಕೈಗಳನ್ನು ಹಿಡಿದುಕೊಂಡು, ವರ್ಷಗಳಿಂದ ಹೊರಗಿನವರ ಜೊತೆ ಮಾತೇ ಆಡದವಳಂತೆ ಬಿಡುವಿಲ್ಲದೆ ಹೇಳಿದಳು, ನಡುವೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು. ಕೊನೆಗೊಂದು ಪ್ರಶ್ನೆ ಕೇಳಿ ಸುಮ್ಮನಾದಳು. ಪ್ರಶ್ನೆಯೆಂಬುದು ದನಿಯಲ್ಲೇ ತಿಳಿಯುತ್ತಿತ್ತು.

ಕತಾಲಿನಾ ಉತ್ತರ ಕೇಳಲು ಹತ್ತಿರ ಬಂದು ನಿಂತಳು. ಅಜ್ಜಿ ಅವನ ಕೈ ಬಿಡಲಿಲ್ಲ.