ಬೀದಿಗೆಲ್ಲ ಗೊತ್ತಿದ್ದ ಗುಪ್ತ ಸ್ವಿಚ್ಚು

ಮಾರ್ಚ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ವಿಮಾ ಏಜೆಂಟ್ ಫೋನ್ ಮಾಡಿ, ನಮ್ಮ ಹಳೆಯ ಕಾರಿಗೆ ಇಮೊಬಿಲೈಸರ್ ಹಾಕಿಸದಿದ್ದರೆ ಕಳ್ಳತನದ ವಿಮೆ ನವೀಕರಣವಾಗುವುದಿಲ್ಲ ಎಂದು ತಿಳಿಸಿದರು. ಕೀಲಿ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸಾಧನಕ್ಕೆ ಆ ಹೆಸರು.

"ನಮ್ಮ ಗಾಡಿ ಹಂಗೂ ವಾರದಾಗ ಎರಡು ದಿನ ಏಳಂಗಿಲ್ಲ. ಅದು ಸಾಲಂಗಿಲ್ಲೇನ್ರಿ?" ಎಂದೆ.

"ಅದು ರೋಗ ಸರ. ಕಂಪನಿಯವ್ರು ಕೇಳ್ತಿರೋದು ಬೀಗ."

ನಮ್ಮ ಕಾರನ್ನು ಕದಿಯುವವನ ಬಗ್ಗೆ ನನಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚು. ಊರಾಚೆಯ ಬಾತಿ ದಾಟುವಷ್ಟರಲ್ಲಿ ಅವನು ಇಳಿದು ತಳ್ಳುತ್ತಿರುತ್ತಾನೆ. ಆದರೆ ಹೆಂಡತಿ ಶಾರದಾ ಇದನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಅವಳು ಹರಿಹರದ ಶಾಲೆಯೊಂದರಲ್ಲಿ ಶಿಕ್ಷಕಿ. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾಗದೆ ಆ ಕಾರಿನಲ್ಲೇ ಓಡಾಡುತ್ತಾಳೆ, ಶಾಲೆಯ ಹೊರಗೆ ರಸ್ತೆಬದಿ ನಿಲ್ಲಿಸುತ್ತಾಳೆ. ಅದೇ ಜಾಗದಿಂದ ಹಿಂದಿನ ತಿಂಗಳು ಸಹೋದ್ಯೋಗಿಯ ಸ್ಕೂಟರ್ ಮಾಯವಾಗಿತ್ತು. "ವಿಮೆ ಇಲ್ದೆ ನಾ ಗಾಡಿ ಅಲ್ಲಿ ನಿಲ್ಸಂಗಿಲ್ಲ. ಬಸ್ಸಿಗೇ ಹೋಗ್ತೀನಿ. ದಿನಾ ನೀವು ಬಂದು ಮೆಟ್ಲು ಹತ್ಸಿ ಹೋಗ್ರಿ," ಎಂದಳು.

ಶೋರೂಮಿನಲ್ಲಿ ತೋರಿಸಿದ ಸಾಧನದ ಬೆಲೆ ಕೇಳಿದಾಗ, ಅದಕ್ಕೇ ಪ್ರತ್ಯೇಕ ವಿಮೆ ಮಾಡಿಸಬೇಕೇನೋ ಅನ್ನಿಸಿತು. ಆನ್‌ಲೈನಿನಲ್ಲಿ ಅಗ್ಗದ್ದೊಂದು ಸಿಕ್ಕಿತು. ಕೊಂಡವರಲ್ಲಿ ಒಬ್ಬ, ಅದು ಹೆದ್ದಾರಿಯ ನಡುವೆ ತಾನಾಗಿ ಎಂಜಿನ್ ಆರಿಸಿತೆಂದು ಬರೆದಿದ್ದ. ಇನ್ನೊಬ್ಬ, ಬಣ್ಣ ಚೆನ್ನಾಗಿದೆಯೆಂದು. ನಾನು ಕೆಲಸ ಮಾಡುವ ಪತ್ರಿಕೆಯ ಡೆಸ್ಕಿನಲ್ಲಿ ಯಾವ ಸುದ್ದಿಯನ್ನೇ ಆಗಲಿ ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳುವುದು ನನ್ನ ಅಭ್ಯಾಸ. ಇಲ್ಲಿ ಎರಡೂ ಮೂಲಗಳನ್ನು ನಂಬಿ ಕೊಳ್ಳುವುದನ್ನು ಬಿಟ್ಟೆ. ಕೊನೆಗೆ ಹರಿಹರದ ಎಲೆಕ್ಟ್ರಿಷಿಯನ್ ರಫೀಕ್, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ತಂತಿಗೆ ಗುಪ್ತ ಸ್ವಿಚ್ಚೊಂದನ್ನು ಜೋಡಿಸಿ ಚಾಲಕನ ಸೀಟಿನಡಿ ಅಡಗಿಸಿದ. ಅದನ್ನು ಒತ್ತದಿದ್ದರೆ ಕಾರು ಸ್ಟಾರ್ಟ್ ಆಗದು; ವಿಮೆಗೆ ಅದೂ ನಡೆಯುತ್ತದೆಂದು ಏಜೆಂಟರು ಹೇಳಿದರು. "ಯಾರಿಗೂ ಹೇಳ್ಬ್ಯಾಡ್ರಿ ಸಾಹೇಬ್ರ. ಗುಟ್ಟೇ ಇದ್ರ ಗ್ಯಾರಂಟಿ," ಎಂದ ರಫೀಕ್.

ಸರಸ್ವತಿ ನಗರದ ನಮ್ಮ ಬೀದಿ ಇಕ್ಕಟ್ಟು. ನೀರಿನ ಟ್ಯಾಂಕರ್ ಬಂದರೆ ಅಡ್ಡ ನಿಂತ ವಾಹನ ಸರಿಯಲೇಬೇಕು. ಹಾಗಾಗಿ ಎಲ್ಲರ ವಾಹನದ ಕೀಲಿಯೂ ಅವರವರ ಗೇಟಿನ ಒಳಗಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಬೀದಿಯಲ್ಲಿ ಇದ್ದವರು ಸರಿಸುತ್ತಾರೆ. ಸ್ವಿಚ್ಚು ಹಾಕಿಸಿದ ಮೊದಲ ಭಾನುವಾರ ನಾನು ಕಚೇರಿಯಲ್ಲಿ, ಶಾರದಾ ಮದುವೆಯೊಂದರಲ್ಲಿ ಇದ್ದಾಗ ಟ್ಯಾಂಕರ್ ಬಂತು. ಎದುರು ಮನೆಯ ನಿವೃತ್ತ ನರ್ಸ್ ಗೌರಮ್ಮ ಫೋನ್ ಮಾಡಿದರು. "ಗಾಡಿಗೆ ಏನು ಮಾಡೀರಿ ಸರ? ಇಡೀ ಬೀದಿ ಕೊಡ ಹಿಡ್ಕಂಡು ನಿಂತೈತೆ!" ನಾನು ಸ್ವಿಚ್ಚಿನ ಜಾಗ ಹೇಳಿದೆ. ಅವರು ಸ್ಪೀಕರ್ ಹಾಕಿದ್ದರೆಂದು ಆಮೇಲೆ ತಿಳಿಯಿತು.

ಮರುವಾರ ವಿಮಾ ಕಂಪನಿಯ ಇನ್‌ಸ್ಪೆಕ್ಟರ್ ಬಂದರು. ಕೀಲಿ ತಿರುಗಿಸಿದರು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ತಲೆದೂಗಿ, ಕೆಳಗಿಳಿದು ಪೆನ್ನು ತೆಗೆದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ಯಾಂಕರ್ ಹಾರ್ನ್ ಹೊಡೆಯಿತು. ಗೌರಮ್ಮ ಕೊಡ ಕೆಳಗಿಟ್ಟು ಬಂದು ಕಾರು ಹತ್ತಿದರು, ಸೀಟಿನಡಿ ಕೈ ಹಾಕಿದರು, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆದರು.

"ಇವ್ರು ಮನೆಯವ್ರಾ?" ಎಂದರು ಇನ್‌ಸ್ಪೆಕ್ಟರ್.

"ಎದುರು ಮನೆಯವ್ರು."

"ಸ್ವಿಚ್ ಎಲ್ಲೈತೆ ಅಂತ ಇನ್ನೂ ಯಾರ್ಯಾರಿಗೆ ಗೊತ್ತು?"

ಗೌರಮ್ಮ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ಬೀದಿಗೆಲ್ಲ ಗೊತ್ತೈತ್ರಿ. ಸರಗೇ ನೆನಪಿರಂಗಿಲ್ಲ, ನಮ್ನ ಕೇಳ್ತಾರ," ಎಂದರು.

ಇನ್‌ಸ್ಪೆಕ್ಟರ್ ಪೆನ್ನು ಜೇಬಿಗಿಟ್ಟರು. "ಜಾಗ ಬದ್ಲಿ ಮಾಡ್ಸಿ ಫೋಟೊ ಕಳಿಸ್ರಿ. ಅಲ್ಲೀತನ ಸಹಿ ಇಲ್ಲ."

ರಫೀಕ್ ಸ್ವಿಚ್ಚನ್ನು ಬೇರೆಡೆಗೆ ಸರಿಸಿದ. ಹೊಸ ಜಾಗವನ್ನು ನನಗೂ ಶಾರದಾಳಿಗೂ ಮಾತ್ರ ತೋರಿಸಿದ. ಗುರುವಾರ ಪಾಲಿಸಿ ಬಂತು. ಶುಕ್ರವಾರ ಶಾರದಾ ಎಂದಿನಂತೆ ಕಾರಿನಲ್ಲೇ ಹರಿಹರಕ್ಕೆ ಹೋಗಿಬಂದಳು.

ಈ ಭಾನುವಾರ ಟ್ಯಾಂಕರ್ ಬಂದಾಗ ಶಾರದಾ ಸ್ನಾನಕ್ಕೆ ಹೋಗಿದ್ದಳು. ನಾನು ಸ್ವಿಚ್ಚಿನ ಹೊಸ ಜಾಗ ಮರೆತು, ಕಾರಿನೊಳಗೆ ಕುಳಿತು ಡ್ಯಾಶ್‌ಬೋರ್ಡಿನ ಕೆಳಗೆ, ಮ್ಯಾಟಿನ ಕೆಳಗೆ ತಡಕಾಡುತ್ತಿದ್ದೆ. ಗೌರಮ್ಮ ಬಾಗಿಲು ತೆಗೆದು, "ಇಳೀರಿ ಸರ, ನೀರು ವಾಪಸ್ ಹೋಗ್ತೈತೆ," ಎಂದರು. ಬಚ್ಚಲುಮನೆಯ ಕಿಟಕಿಯಿಂದ ಶಾರದಾಳ ದನಿ ಕೇಳಿತು: "ಅವ್ರಿಗೆ ನಾನೇ ತೋರ್ಸೀನಿ. ನೀವು ಸುಮ್ನೆ ಇಳೀರಿ!"

ಇಳಿದೆ. ಕಾರು ಸರಿಯಿತು, ಎಲ್ಲ ಮನೆಗೂ ನೀರು ಸಿಕ್ಕಿತು. ಇದನ್ನು ಬರೆಯುವ ಹೊತ್ತಿಗೆ, ಹೊಸ ಜಾಗ ಯಾವುದೆಂದು ನನಗೆ ಯಾರೂ ಮತ್ತೆ ತಿಳಿಸಿಲ್ಲ.