ಅತ್ತೆಯ ಕಾವಲಿಗೆ ಜಿಮ್ಮಿಗೆ ಹೋದದ್ದು

ನನ್ನ ಹೆಸರು ಸುಧಾರಾಣಿ. ಹೆಸರಿನಲ್ಲಿ ರಾಣಿ ಇದ್ದರೂ ಎದೆಯಲ್ಲಿರುವುದು ಗುಬ್ಬಿ. ಕುಕ್ಕರಿನ ಸೀಟಿಗೆ ಅಂಜುತ್ತೇನೆ, ಹಲ್ಲಿಗೆ ಅಂಜುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅಂಜುತ್ತೇನೆ. ಇವೆಲ್ಲ ಚಿಲ್ಲರೆ ಅಂಜಿಕೆಗಳು. ಸಗಟು ಅಂಜಿಕೆಯನ್ನು ಹಾವೇರಿಯಲ್ಲಿರುವ ನನ್ನ ಗಂಡನ ಅಕ್ಕ ಸುರೇಖಾ ಅವರಿಗಾಗಿ ಮೀಸಲಿಟ್ಟಿದ್ದೇನೆ. ಅವರು ವಕೀಲರು. "ಊಟ ಆತೇನು?" ಎಂದು ಕೇಳಿದರೂ ನನಗೆ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ.

ಅತ್ತೆಗೆ ಮೊಣಕಾಲು ನೋವು ಶುರುವಾದಾಗ ಸುರೇಖಾ ಅಕ್ಕ ನನಗೆ ಒಂದೇ ಮಾತು ಹೇಳಿದ್ದರು. "ಅವ್ವ ಒಂದು ಕೊಡಾ ನೀರು ಎತ್ತಿದ್ಲು ಅಂತ ಗೊತ್ತಾದ್ರೂ ನಾ ನಿನ್ನ ಕೇಳ್ತೇನಿ." ಅಂದಿನಿಂದ ನಮ್ಮ ಮನೆಯಲ್ಲಿ ಅತ್ತೆ ಚಹಾದ ಕಪ್ಪು ಎತ್ತಿದರೂ ನಾನು ಆ ಕಡೆ ಈ ಕಡೆ ನೋಡುತ್ತಿದ್ದೆ.

ಹೀಗಿರುವಾಗ ಬ್ಯಾಡಗಿಯ ಬೀಗರ ಮನೆಯಲ್ಲಿ ಸೀಮಂತ. ವಯಸ್ಸಾದವರಿಗೆ ಟೇಬಲ್ ಹಾಕಿದ್ದರು. ನಮ್ಮತ್ತೆ ಮರಿಯವ್ವ ಅದನ್ನು ನೋಡಿಯೂ ನೋಡದವರಂತೆ ನೆಲದ ಪಂಕ್ತಿಯಲ್ಲಿ ಕುಳಿತರು. ಹೋಳಿಗೆ ಉಂಡರು, ತುಪ್ಪ ಹಾಕಿಸಿಕೊಂಡರು, ಮಜ್ಜಿಗೆ ಕುಡಿದರು. ಏಳಲಿಕ್ಕೆ ಮಾತ್ರ ಆಗಲಿಲ್ಲ. ನಾನು ಎಳೆದೆ. ಬೀಗತಿ ಎಳೆದರು. ಕೊನೆಗೆ ಬಡಿಸುತ್ತಿದ್ದ ಇಬ್ಬರು ಸಾರಿನ ಬಕೆಟ್ ಕೆಳಗಿಟ್ಟು ಬಂದು, ಟ್ರ್ಯಾಕ್ಟರಿಗೆ ಚೀಲ ಏರಿಸುವವರ ಹಾಗೆ ಎತ್ತಿ ನಿಲ್ಲಿಸಿದರು. ಇಡೀ ಪಂಕ್ತಿ ಉಣ್ಣುವುದನ್ನು ಬಿಟ್ಟು ನೋಡಿತು.

ಕಾರಿನಲ್ಲಿ ಅತ್ತೆ ಮೋಟೆಬೆನ್ನೂರಿನ ತನಕ ಮೊಣಕಾಲು ತಿಕ್ಕಿಕೊಂಡರು. ಹೈವೇಗೆ ಬಂದ ಮೇಲೆ ಹೇಳಿದರು: "ನಾಳಿಂದ ನಾ ಜಿಮ್ಮಿಗೆ ಹೊಕ್ಕೇನಿ."

ನನ್ನ ಗಂಡ ಕೊಟ್ರೇಶ ಗಾಡಿಯ ವೇಗ ಇಳಿಸಿದರು. "ಅವ್ವಾ, ಅಕ್ಕಗ ಗೊತ್ತಾದ್ರ?"

"ಅಕಿಗ್ಯಾಕ ಗೊತ್ತಾಗಬೇಕು?"

ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಸುಧಾ, ನೀನೂ ಜೋಡಿ ಹೋಗು. ಅವ್ವಗೇನರ ಆದ್ರ ಹಿಡಕೊಳ್ಳಾಕ." (ಇವರದು ಬೀಜದ ಅಂಗಡಿ. ಮೊಳಕೆ ಬರುತ್ತದೆಂದು ಯಾವ ರೈತರಿಗೂ ಬಾಯಿಬಿಟ್ಟು ಗ್ಯಾರಂಟಿ ಕೊಟ್ಟವರಲ್ಲ. ಹೆತ್ತ ತಾಯಿಯ ಗ್ಯಾರಂಟಿಯನ್ನು ಮಾತ್ರ ನನ್ನ ಹೆಸರಿಗೆ ಬರೆದುಕೊಟ್ಟರು.)

ರಾಣೆಬೆನ್ನೂರಿನ ಆ ಜಿಮ್ಮು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿದೆ. ಕೆಳಗೂ ಕಬ್ಬಿಣ, ಮೇಲೂ ಕಬ್ಬಿಣ. ಬೆಳಿಗ್ಗೆ ಹೆಂಗಸರ ಸರದಿ. ನಾಲ್ಕೂ ಗೋಡೆಗೆ ಕನ್ನಡಿ. ಯಾವ ಕಡೆ ತಿರುಗಿದರೂ ನಾನೇ ಎದುರಾಗುತ್ತಿದ್ದೆ, ಅದೂ ನಾನು ಅಂದುಕೊಂಡದ್ದಕ್ಕಿಂತ ಎರಡು ಪಾಲು. ಕಲಿಸುವ ಹುಡುಗಿ ನಂದಿತಾ ನುಗ್ಗೆಕಾಯಿಯಂತಿದ್ದಳು. ಆದರೆ ನಾನು ಎರಡೂ ಕೈಯಿಂದ ಅಲುಗಾಡಿಸಲಾಗದ ಗುಂಡನ್ನು ಒಂದೇ ಕೈಯಲ್ಲಿ ಎತ್ತಿ ಬದಿಗಿಟ್ಟಳು.

"ನೀವೂ ಮಾಡ್ರಿ ಆಂಟಿ," ಎಂದಳು.

"ಇಲ್ಲವ್ವಾ, ನಾ ಬರೇ ಅಂಜಾಕ ಬಂದೇನಿ," ಎಂದೆ. ನೋಡಾಕ ಎನ್ನಬೇಕಿತ್ತು, ಬಾಯಿ ತಪ್ಪಿ ಸತ್ಯ ಬಂತು.

ಮೂಲೆಯಲ್ಲಿದ್ದ ಓಡುವ ಯಂತ್ರವನ್ನು ಯಾರೂ ಬಳಸುತ್ತಿರಲಿಲ್ಲ. ನಾನು ಅದರ ಮೇಲೆ ನಿಂತು ಕಾವಲು ಕಾಯತೊಡಗಿದೆ. ಅತ್ತೆ ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದನ್ನು ಕಲಿತರು. ಆಮೇಲೆ ಸ್ಟೂಲಿನಿಂದ. ಆಮೇಲೆ ಕೈಯಲ್ಲಿ ಸಣ್ಣ ಗುಂಡು ಹಿಡಿದು. ಅವರು ಒಮ್ಮೆ ಬಗ್ಗಿದರೆ ನನ್ನ ಕಣ್ಣ ಮುಂದೆ ಆಸ್ಪತ್ರೆ, ಎಕ್ಸ್‌ರೇ, ಮುರಿದ ಟೊಂಕ, ಅದರ ಪಕ್ಕದಲ್ಲಿ ಕಪ್ಪು ಕೋಟು ಹಾಕಿಕೊಂಡ ಸುರೇಖಾ ಅಕ್ಕ. ಅವರು ಎದ್ದರೆ ಎಲ್ಲ ಮಾಯ. ಮತ್ತೆ ಬಗ್ಗಿದರೆ ಮತ್ತೆ ಎಕ್ಸ್‌ರೇ. ಅತ್ತೆ ಬೆವರುವ ಮೊದಲೇ ನಾನು ತೊಯ್ದಿರುತ್ತಿದ್ದೆ.

ಮನೆಯ ಅಡುಗೆಯೂ ಬದಲಾಯಿತು. ಮೊಳಕೆ ಹೆಸರುಕಾಳು, ಬೇಯಿಸಿದ ಮಡಕಿಕಾಳು, ಎಣ್ಣೆಯಿಲ್ಲದ ಪಲ್ಯ. ಸಂಜೆಯ ಮಿರ್ಚಿ ಭಜಿಗೆ ಗಡೀಪಾರು ಶಿಕ್ಷೆ. ಇವರು ತಾಟನ್ನು ನೋಡಿ ಮೆಲ್ಲಗೆ, "ಪಂಕ್ತ್ಯಾಗ ಕುಂತಾಕಿ ಅವ್ವ. ನನಗ್ಯಾಕ ಈ ಶಿಕ್ಷಾ?" ಎಂದರು. ಅತ್ತೆ ಕಾಳು ಅಗಿಯುತ್ತ ಒಮ್ಮೆ ನೋಡಿದರು. ಇವರು ಇನ್ನೆರಡು ಚಮಚ ಹಾಕಿಸಿಕೊಂಡರು.

ನಿಜವಾದ ಸಂಕಟ ಫೋನಿನದು. ಸುರೇಖಾ ಅಕ್ಕ ಕೋರ್ಟಿನ ಗಡಿಬಿಡಿ ಶುರುವಾಗುವ ಮೊದಲು, ಬೆಳಿಗ್ಗೆಯೇ ನನಗೆ ಫೋನ್ ಮಾಡಿ ತಾಯಿಯ ಯೋಗಕ್ಷೇಮ ಕೇಳುತ್ತಾರೆ. ಅದು ಸರಿಯಾಗಿ ಜಿಮ್ಮಿನ ಹೊತ್ತು.

"ಅವ್ವ ಎಲ್ಲಿ?"

"ಗುಡಿಗೆ ಬಂದೇವ್ರಿ ಅಕ್ಕಾರ."

"ಅದೇನದು ಧಡಧಡ ಹಾಡು?"

"ಭಜನಿ ನಡದೇತ್ರಿ."

"ಇಂಥಾ ಭಜನಿ?"

"ಹೊಸಾ ಧಾಟಿ ಅಂತರಿ."

ಅಷ್ಟರಲ್ಲಿ ನಂದಿತಾ, "ಇನ್ನೊಂದು, ಇನ್ನೊಂದು, ನಿಲ್ಲಬ್ಯಾಡ್ರಿ ಅಜ್ಜಿ," ಎಂದು ಕೂಗಿದಳು.

"ಯಾರದು?"

"ಪ್ರದಕ್ಷಿಣಿ ಎಣಿಸಾಕತ್ತಾರ್ರೀ."

"ಎಷ್ಟನೇದು?" ಎಂದರು ಅಕ್ಕ. ವಕೀಲರ ಪ್ರಶ್ನೆಗಿಂತ ಭಯಂಕರವಾದದ್ದು ಈ ಭೂಮಿಯ ಮೇಲೆ ಇಲ್ಲ.

ಹೀಗೇ ಕೆಲವು ವಾರ ದಾಟಿಸಿದೆ. ಅತ್ತೆ ನೆಲದಿಂದಲೂ ಏಳತೊಡಗಿದ್ದರು. ಒಂದು ಬುಧವಾರ ನಾನು ಎಂದಿನಂತೆ ಯಂತ್ರದ ಮೇಲೆ ಕಾವಲಿಗೆ ನಿಂತಿದ್ದಾಗ ಫೋನ್ ಬಂತು.

"ಇವತ್ತ ನಂದು ರಾಣೆಬೆನ್ನೂರ ಕೋರ್ಟಿನಾಗ ಕೆಲಸ ಐತಿ. ಅವ್ವನ್ನ ನೋಡಿ ಹೋಗೂಣು ಅಂತ ಲಗೂ ಬಂದೆ. ನಿಮ್ಮ ಓಣಿ ಗುಡಿಯಾಗ ನಿಂತೇನಿ. ಇಲ್ಲಿ ಭಜನಿನೂ ಇಲ್ಲ, ಅವ್ವನೂ ಇಲ್ಲ."

ನಾನು ಇಳಿಯಲು ಹೋದೆ. ಕೈ ಆಸರೆ ಹುಡುಕಿತು. ಸಿಕ್ಕಿದ್ದು ಯಂತ್ರದ ಹಸಿರು ಗುಂಡಿ. ಕಾಲ ಕೆಳಗಿನ ನೆಲ ನನ್ನನ್ನು ಕೇಳದೆ ಹಿಂದಕ್ಕೆ ಹೊರಟಿತು. ನಾನು ನನ್ನ ಬಾಳಿನಲ್ಲೇ ಅಷ್ಟು ಜೋರಾಗಿ ಓಡಿದವಳಲ್ಲ. ಓಡಿ ಎಲ್ಲಿಗೂ ಹೋಗಲಿಲ್ಲ ಎಂಬುದು ಬೇರೆ ಮಾತು. ಮೊದಲು ಫೋನ್ ಬಿತ್ತು, ಆಮೇಲೆ ನಾನು.

ಕಣ್ಣು ಬಿಟ್ಟಾಗ ಅತ್ತೆ ಫೋನ್ ಎತ್ತಿಕೊಂಡು ಮಾತಾಡುತ್ತಿದ್ದರು. "ಸುರೇಖಾ, ನಾವು ಜಿಮ್ಮಿನಾಗ ಅದೀವಿ. ಹಾರ್ಡ್‌ವೇರ್ ಅಂಗಡಿ ಮ್ಯಾಲ. ಸುಧಾ ಬಿದ್ದಾಳ, ಬಾ."

ಗುಡಿ ಅಲ್ಲಿಂದ ಎರಡೇ ಓಣಿ ಆಚೆ. ಅಕ್ಕ ಮೆಟ್ಟಿಲು ಹತ್ತಿ ಬಾಗಿಲಿಗೆ ಬರುವುದಕ್ಕೂ, ಅತ್ತೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದಕ್ಕೂ ಸರಿಹೋಯಿತು. ಅಕ್ಕ ಒಳಗೆ ಬಂದರು. ತಾಯಿಯ ಕಾಲು ನೋಡಿದರು, ಬೆನ್ನು ನೋಡಿದರು. ಅವರ ಕಣ್ಣಲ್ಲಿ ನೀರಾಡಿದ್ದನ್ನು ನಾನು ಕಂಡೆ. ಬದುಕಿದೆ ಎಂದುಕೊಂಡೆ.

ಅವರು ನನ್ನ ಕಡೆ ತಿರುಗಿದರು. "ಸುಧಾ, ನಿನಗ ಬುದ್ಧಿ ಐತೇನು? ಈ ವಯಸ್ಸಿನ್ಯಾಗ ಅವ್ವ ನಿನ್ನ ಎತ್ತಬೇಕೇನು? ಅಕಿಗೇನರ ಆಗಿದ್ರ?"

ನಾನು ಕಾಲು ಊರಲು ಹೋಗಿ ಅವರನ್ನೇ ಹಿಡಿದುಕೊಂಡೆ. ಪಾದ ಸೋರೆಕಾಯಿಯ ಗಾತ್ರಕ್ಕೆ ಊದಿತ್ತು. ತಾಯಿ ಮಗಳು ಇಬ್ಬರೂ ಹೆಗಲು ಕೊಟ್ಟು ನನ್ನನ್ನು ಕೆಳಗಿಳಿಸಿದರು. ಯಾರಾದರೂ ಗುರುತಿನವರು ಕಂಡಾರೆಂದು ಅಂಜಿ ನಾನು ಸೆರಗನ್ನು ಹಣೆಯ ತನಕ ಎಳೆದುಕೊಂಡು, ಬೆನ್ನು ಬಗ್ಗಿಸಿ ಕುಂಟುತ್ತಿದ್ದೆ. ಅತ್ತೆ ಮುಂದೆ ಹೋಗಿ ಆಟೋ ತಡೆದರು.

ಆಟೋದವನು ನನ್ನನ್ನು ನೋಡಿ ಮರುಗಿದ. ಅತ್ತೆಯ ಕಡೆ ತಿರುಗಿ, "ಅಜ್ಜಿಗೆ ಭಾಳ ಪೆಟ್ಟಾಗೇತೇನ್ರಿ ಅಕ್ಕಾರ?" ಎಂದು ಕೇಳಿದ.

ಅತ್ತೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಜೋಪಾನವಾಗಿ ಒಳಗೆ ಕೂರಿಸುತ್ತ ಹೇಳಿದರು:

"ಹೌದಪ್ಪಾ. ವಯಸ್ಸಾಗೇತಿ ನೋಡು. ತೆಗ್ಗಿನಾಗ ಸಾವಕಾಶ ಹೊಡಿ."